ಗಲ್ಲಾಪೆಟ್ಟಿಗೆಯೂ ಅವ್ವನ ಪ್ರಶ್ನೆಯೂ

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ಒಂದು ರಾತ್ರಿ ಅವ್ವನಿಗೆ ನನ್ನ ಮೊಬೈಲಿನಲ್ಲಿ ‘ದಿ ಲಯನ್ ಕಿಂಗ್’ ತೋರಿಸಿದೆ. ಡಿಸ್ನಿ ಸಂಸ್ಥೆಯ ಕಲಾವಿದರು ಪಾತ್ರಗಳನ್ನು ಕೈಯಿಂದ ಬರೆದು 1994ರಲ್ಲಿ ಹೊರತಂದ ಆನಿಮೇಶನ್ ಚಿತ್ರವದು. ಅವ್ವ ಅಕ್ಷರ ಕಲಿತವಳಲ್ಲ. ಇಂಗ್ಲಿಷಂತೂ ಅವಳ ಕಿವಿಗೆ ಬರಿಯ ಸದ್ದು. ಆದರೂ ಮೃಗಗಳ ಕಾಲ್ತುಳಿತಕ್ಕೆ ಸಿಕ್ಕಿ ತಂದೆ ಸಿಂಹ ಸತ್ತು, ಮರಿ ಸಿಂಬಾ ಅದರ ಮುಂಗಾಲಿನಡಿ ನುಸುಳಿ ಮಲಗಿದಾಗ, “ಅಪ್ಪ ಸತ್ತೋಯ್ತು ಕಣ್ಲಾ, ಮರಿಗೆ ಇನ್ಯಾರು ದಿಕ್ಕು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನ 2019ರಲ್ಲಿ ಬಂದ ಹೊಸ ‘ಲಯನ್ ಕಿಂಗ್’ ತೋರಿಸಿದೆ. ಕಥೆ ಅದೇ, ಹೆಸರುಗಳು ಅವೇ. ಅರ್ಧ ಗಂಟೆ ಸುಮ್ಮನೆ ನೋಡಿದವಳು, “ಈಗ ಮಾತಾಡ್ತಿರೋದು ಯಾವ್ದ್ಲಾ? ಎಲ್ಲಾ ಒಂದೇ ಥರ ಅವೆ” ಎಂದಳು. ನಾನು ನಕ್ಕುಬಿಟ್ಟೆ. ಇದೆಷ್ಟು ದೊಡ್ಡ ತಂತ್ರಜ್ಞಾನವೆಂದು ವಿವರಿಸತೊಡಗಿದೆ. ಅವಳು ಏನೂ ಅನ್ನದೆ ಎದ್ದು ಒಲೆಯ ಕಡೆಗೆ ಹೋದಳು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೂರು ವರ್ಷದ ಓದು ನನಗೆ ಆ ನಗುವನ್ನು ಕಲಿಸಿತೇ ಎಂದು ಈಗ ನಾಚಿಕೆಯಾಗುತ್ತದೆ. ಏಕೆಂದರೆ ಅವ್ವನ ಪ್ರಶ್ನೆಯೇ ಆ ಚಿತ್ರದ ಸರಿಯಾದ ವಿಮರ್ಶೆಯೆಂಬುದು ನನ್ನ ಮತ.

ಹಳೆಯ ಆನಿಮೇಶನ್ ಚಿತ್ರಗಳನ್ನು ನಟರಿಂದಲೂ ನಿಜವೆಂಬಂತೆ ತೋರುವ ಪ್ರಾಣಿಗಳಿಂದಲೂ ಮತ್ತೆ ತೆಗೆಯುವುದು ಡಿಸ್ನಿಯವರಿಗೆ ದೊಡ್ಡ ವ್ಯಾಪಾರವಾಗಿದೆ. ಜಗತ್ತಿನಾದ್ಯಂತ 2017ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ 120 ಕೋಟಿ ಡಾಲರಿಗೂ, 2019ರ ‘ಅಲ್ಲಾದೀನ್’ 100 ಕೋಟಿಗೂ, ಅದೇ ವರ್ಷದ ‘ಲಯನ್ ಕಿಂಗ್’ 160 ಕೋಟಿಗೂ ಮಿಕ್ಕಿ ಗಳಿಸಿದವು. ಇವಕ್ಕೆ ‘ಲೈವ್ ಆಕ್ಷನ್’ ಎಂದು ಹೆಸರು. ಸೋಜಿಗವೇನೆಂದರೆ, ಈ ಸಿಂಹದ ಚಿತ್ರದಲ್ಲಿ ಕ್ಯಾಮರಾದಿಂದ ತೆಗೆದದ್ದು ಒಂದೇ ಒಂದು ದೃಶ್ಯವೆಂದು ನಿರ್ದೇಶಕ ಜಾನ್ ಫಾವ್ರೋ ಅವರೇ ಹೇಳಿದ್ದಾರೆ. ಉಳಿದ ಸಿಂಹ, ಹುಲ್ಲು, ಆಕಾಶವೆಲ್ಲ ಕಂಪ್ಯೂಟರಿನಲ್ಲಿ ಹುಟ್ಟಿದವು. ಅಂದ ಮೇಲೆ ಇದೂ ಬರೆದ ಚಿತ್ರವೇ. ಬರೆದದ್ದೆಂದು ಕಾಣಬಾರದೆಂಬ ಹಟವೊಂದು ಹೆಚ್ಚು. ನಿಜದ ಸಿಂಹ ಹುಬ್ಬು ಗಂಟಿಕ್ಕುವುದಿಲ್ಲ, ತುಟಿ ಕೊಂಕಿಸಿ ನಗುವುದಿಲ್ಲ. 1994ರ ಕಲಾವಿದರು ಮುಫಾಸನಿಗೆ ಕೆಂಪು ಕೇಸರ, ಸ್ಕಾರನಿಗೆ ಕಪ್ಪು ಕೇಸರ ಮತ್ತು ಹಸಿರು ಕಣ್ಣು ಕೊಟ್ಟು, ಯಾರು ಯಾರೆಂಬುದನ್ನು ಓದು ಬಾರದವರಿಗೂ ತಿಳಿಸಿದ್ದರು.

“ಜನ ಮೆಚ್ಚದೆ ಅಷ್ಟು ಹಣ ಬರುತ್ತದೆಯೇ?” ಎಂದು ಹಾಸ್ಟೆಲಿನ ಮಿತ್ರರು ಕೇಳುತ್ತಾರೆ. ಜನ ಮೂರ್ಖರೆಂದು ನಾನು ಹೇಳಲಾರೆ. ಆದರೆ ಗಲ್ಲಾಪೆಟ್ಟಿಗೆಗೆ ಹಣ ಬೀಳುವುದು ಚಿತ್ರ ನೋಡುವುದಕ್ಕೆ ಮುಂಚೆ. 1994ರಲ್ಲಿ ಮಕ್ಕಳಾಗಿದ್ದವರು 2019ರಲ್ಲಿ ತಮ್ಮ ಮಕ್ಕಳ ಕೈಹಿಡಿದು ಬಂದರು. ಹಳೆಯ ಚಿತ್ರದ ನೆನಪಿಗೆ ಟಿಕೆಟ್ಟು ಕೊಂಡರು. ಆ ನೆನಪು ನಮ್ಮ ಮನೆಯಲ್ಲಿರಲಿಲ್ಲ. ಅವ್ವ ಎರಡನ್ನೂ ಹೊಸದಾಗಿಯೇ ನೋಡಿದಳು.

ನೆನಪೂ ಯಾವಾಗಲೂ ಕೈಹಿಡಿಯದು. 1937ರ ‘ಸ್ನೋ ವೈಟ್’ 2025ರಲ್ಲಿ ಹೊಸದಾಗಿ ಬಂದು ಸುಮಾರು 20 ಕೋಟಿ ಡಾಲರಿಗೇ ನಿಂತಿತು. ಹಾಕಿದ ಬಂಡವಾಳವೂ ಹುಟ್ಟಲಿಲ್ಲ. ಅದೇ ವರ್ಷದ ‘ಲೀಲೋ ಅಂಡ್ ಸ್ಟಿಚ್’ 100 ಕೋಟಿ ದಾಟಿತು. ಅದರಲ್ಲಿ ಸ್ಟಿಚ್ ಎಂಬ ನೀಲಿ ಪ್ರಾಣಿಗೆ 2002ರ ಚಿತ್ರದ ದೊಡ್ಡ ಕಣ್ಣು, ಅಗಲ ಬಾಯಿಗಳನ್ನು ಹಾಗೆಯೇ ಉಳಿಸಿದ್ದರು. ಇದರಿಂದ ನನ್ನ ವಾದ ಗೆದ್ದಿತೆಂದಲ್ಲ. ಮುಖಭಾವವಿಲ್ಲದ ಸಿಂಹ ಅದಕ್ಕಿಂತಲೂ ಹೆಚ್ಚು ಗಳಿಸಿದೆ. ಹಣದ ಲೆಕ್ಕದಿಂದ ಈ ವ್ಯಾಜ್ಯ ತೀರುವಂಥದಲ್ಲ.

ನಿಜವೇ ಬೇಕೆನ್ನುವವರಿಗೆ ನಮ್ಮ ಮೈಸೂರು ಸೀಮೆಯ ಹುಡುಗನೊಬ್ಬನ ನೆನಪು ಮಾಡಿಕೊಡಬೇಕು. ಕಾರಾಪುರದ ಮಾವುತನ ಮಗ ಸಾಬು 1942ರ ‘ಜಂಗಲ್ ಬುಕ್’ ಚಿತ್ರದಲ್ಲಿ ಮೌಗ್ಲಿಯಾಗಿದ್ದ. ಅದರಲ್ಲಿ ಜೀವಂತ ಆನೆ, ಹುಲಿಗಳಿದ್ದವು. ಡಿಸ್ನಿಯವರು ಆ ಕಥೆಯನ್ನು ಬರೆದ ಚಿತ್ರವಾಗಿ ತಂದದ್ದು ಅನಂತರ, 1967ರಲ್ಲಿ. 2016ರಲ್ಲಿ ಅದನ್ನು ಮತ್ತೆ ‘ನಿಜ’ ಮಾಡಹೊರಟಾಗ ಲಾಸ್ ಏಂಜಲೀಸಿನ ಸ್ಟುಡಿಯೋದೊಳಗೆ ಹುಡುಗನೊಬ್ಬನಿದ್ದ. ಕಾಡಿರಲಿಲ್ಲ, ಪ್ರಾಣಿಗಳೂ ಇರಲಿಲ್ಲ.

ದಸರಾ ರಜೆಗೆ ಹೋದಾಗ ಅವ್ವ ತಾನಾಗಿಯೇ, “ಆ ಸಿಂಹದ್ದು ಹಾಕ್ಲಾ, ಮೊದಲು ತೋರ್ಸಿದ್ಯಲ್ಲ, ಅದು” ಎಂದಳು. ಪಕ್ಕದ ಮನೆಯ ಇಬ್ಬರು ಹೆಂಗಸರನ್ನೂ ಕರೆದು ಕೂರಿಸಿಕೊಂಡಿದ್ದಳು. ಯಾವ ಸಿಂಹ ಯಾರೆಂದು ಅವರಿಗೆ ಅವಳೇ ಹೇಳುತ್ತಿದ್ದಳು.