ಸರ್ಟಿಫಿಕೇಟ್ ಬೇಡ, ಒಂದು ಕುರ್ಚಿ ಕೊಡಿ

1/5
ಒಂದು ವಿಷಯ ಒಪ್ಕೊಂಡೇ ಶುರು ಮಾಡ್ತೀನಿ. ನನ್ನ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಸುಳ್ಳು. 😶

ಲೆಟರ್‌ಹೆಡ್ ನಿಜ, ಸೀಲ್ ನಿಜ, ಸಹಿನೂ ನಿಜ. ನಾಲ್ಕು ವಾರ ಕೆಲಸ ಮಾಡಿದೆ ಅನ್ನೋದು ಮಾತ್ರ ಸುಳ್ಳು. ನಾನು ಹೋಗಿದ್ದು ಎರಡೇ ದಿನ. ಮೊದಲ ದಿನ ಆಫೀಸ್ ತೋರಿಸಿ ಕಾಫಿ ಕೊಟ್ರು. ಎರಡನೇ ದಿನ ಅಲ್ಲಿನ ಮ್ಯಾನೇಜರ್, "ನಿಂಗೇನು ಕೆಲಸ ಕೊಡೋದಮ್ಮ, ನಮಗೂ ಗೊತ್ತಿಲ್ಲ, ನಿಮ್ಮ ಕಾಲೇಜಿನವರೂ ಹೇಳಿಲ್ಲ" ಅಂದ್ರು. ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ರು. ಸೀನಿಯರ್ ರಿಪೋರ್ಟ್ ನೋಡ್ಕೊಂಡು ನನ್ನ ರಿಪೋರ್ಟ್ ಬರೆದೆ. ವೈವಾ ಆಯ್ತು, ಒಳ್ಳೆ ಮಾರ್ಕ್ಸೂ ಬಂತು.

ನನ್ನ ಪಕ್ಕ ಕೂರೋ ಗೆಳತಿ ಕಥೆ ಬೇರೆ (ಅವಳನ್ನ ಕೇಳೇ ಬರೀತಿದ್ದೀನಿ). ಎರಡನೇ ವರ್ಷದಿಂದ ಒಬ್ಬ ಆಡಿಟರ್ ಹತ್ರ ಸಂಜೆ ಕೆಲಸ ಮಾಡ್ತಾಳೆ. ಫೀಸ್ ಅವಳೇ ಕಟ್ಕೋಬೇಕು. ಅಂಗಡಿಗಳ ಬಿಲ್ ಟ್ಯಾಲಿಗೆ ಹಾಕೋದು, ಖರೀದಿ ಬಿಲ್ ಪೋರ್ಟಲ್ ಜೊತೆ ತಾಳೆ ನೋಡೋದು, 11ನೇ ತಾರೀಕಿನೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ. ಆ ದಿನಗಳಲ್ಲಿ ಮಧ್ಯಾಹ್ನದ ಕ್ಲಾಸ್ ತಪ್ಪುತ್ತೆ. ಈ ಸೆಮ್‌ನಲ್ಲಿ ಅವಳ ಹೆಸರು ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಲ್ಲಿದೆ.

ಕೆಲಸ ಮಾಡದ ನನಗೆ ಕ್ರೆಡಿಟ್. ಕೆಲಸ ಮಾಡಿದ ಅವಳಿಗೆ ಶಾರ್ಟೇಜ್. ಈ ಸರಣಿ ಇದರ ಬಗ್ಗೆನೇ.

2/5
ಓದು ಮತ್ತು ಕೆಲಸ ಒಂದೇ ಡಿಗ್ರಿಯಲ್ಲಿ ಸೇರಿಸೋದು ಹೊಸ ಐಡಿಯಾ ಏನಲ್ಲ. 1906ರಲ್ಲೇ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅನ್ನೋ ಮೇಷ್ಟ್ರು 27 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನ ಇಟ್ಕೊಂಡು ಇದನ್ನ ಶುರು ಮಾಡಿದ್ರು. ಸ್ವಲ್ಪ ದಿನ ಕ್ಲಾಸು, ಸ್ವಲ್ಪ ದಿನ ಕಾರ್ಖಾನೆ, ಹೀಗೆ ಸರದಿ. ಅದಕ್ಕೆ ಕೋ-ಆಪ್ ಅಂತ ಹೆಸರು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ಶುರುವಾಗಿದ್ದೇ ಈ ಪದ್ಧತಿ ಮೇಲೆ.

ನನಗೆ ಜಾಸ್ತಿ ಹಿಡಿಸಿದ್ದು ಜರ್ಮನಿಯದ್ದು. 1974ರಲ್ಲಿ ಸ್ಟುಟ್‌ಗಾರ್ಟ್ ಕಡೆ ಡೈಮ್ಲರ್-ಬೆಂಜ್, ಬಾಷ್ ತರದ ಕಂಪನಿಗಳು ಸೇರಿ ಒಂದು ಅಕಾಡೆಮಿ ಶುರು ಮಾಡಿಸಿದ್ವು. ಅದು 2009ರಲ್ಲಿ ವಿಶ್ವವಿದ್ಯಾಲಯ ಆಯ್ತು. ಅಲ್ಲಿ ವಿದ್ಯಾರ್ಥಿಯನ್ನ ಆರಿಸೋದೇ ಕಂಪನಿ. ಮೂರು ವರ್ಷಕ್ಕೆ ಒಪ್ಪಂದ. ಸುಮಾರು ಮೂರು ತಿಂಗಳು ಓದು, ಮೂರು ತಿಂಗಳು ಕೆಲಸ. ಕ್ಲಾಸಲ್ಲಿ ಕೂತಿರೋ ತಿಂಗಳಿಗೂ ಸಂಬಳ ಬರುತ್ತೆ! ಬಿಸಿನೆಸ್ ಓದೋರಿಗೂ ಇದೇ ನಿಯಮ.

ಅಲ್ಲಿ ಕಂಪನಿ ಕೊನೇಲಿ ಸೀಲ್ ಒತ್ತೋಕೆ ಬರಲ್ಲ. ಮೊದಲ ದಿನದಿಂದ ದುಡ್ಡು ಹಾಕಿರುತ್ತೆ, ಅದಕ್ಕೇ ಹುಡುಗರು ಏನು ಕಲೀತಿದ್ದಾರೆ ಅಂತ ತಲೆ ಕೆಡಿಸ್ಕೊಳ್ಳುತ್ತೆ.

3/5
"ನಮ್ಮಲ್ಲಿ ಇದೆಲ್ಲ ಎಲ್ಲಿ ಗುರು" ಅಂತೀರಾ? ನಿಯಮ ನಮ್ಮಲ್ಲೂ ಇದೆ.

ಅಪ್ರೆಂಟಿಸ್‌ಶಿಪ್ ಸೇರಿಸಿದ ಡಿಗ್ರಿಗೆ ಯುಜಿಸಿ ಮಾರ್ಗಸೂಚಿ ಕೊಟ್ಟಿದೆ. ಮೂರು ವರ್ಷದ ಡಿಗ್ರಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್ ಕೆಲಸದ ಜಾಗದಲ್ಲೇ ಕಳೆದು ಕ್ರೆಡಿಟ್ ತಗೋಬಹುದು. 2019ರ ನಿಯಮದ ಪ್ರಕಾರ ಡಿಗ್ರಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಕೊಡಬೇಕು. ನ್ಯಾಟ್ಸ್ ಯೋಜನೆಯಲ್ಲಿ ಅದರ ಅರ್ಧ, ಅಂದ್ರೆ 4,500, ಸರ್ಕಾರ ಹೊರುತ್ತೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಸಂಸ್ಥೆ 2.5ರಿಂದ 15 ಪರ್ಸೆಂಟ್ ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು. ಕರ್ನಾಟಕದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂಥ ಕೋರ್ಸ್ ಶುರುವೂ ಆಗಿದೆ.

ಆದ್ರೆ ಸುಮಾರು ಕಡೆ ನಮಗೆ ಕಾಣೋದು ಎಂಒಯು ಫೋಟೋ ಮಾತ್ರ. ಐದು ಜನ ಒಂದು ಫೈಲ್ ಹಿಡ್ಕೊಂಡು ನಿಂತಿರ್ತಾರೆ, ಹಿಂದೆ ಬ್ಯಾನರ್, ಕೈಯಲ್ಲಿ ಹಾರ. ಆಮೇಲೆ ಆ ಕಂಪನಿ ಹೆಸರು ಮತ್ತೆ ಕೇಳೋದು ಮುಂದಿನ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ. 🙃

4/5
ಕಂಪನಿಯವರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಜವಾಗ್ಲೂ ಕೈ ಜೋಡಿಸೋದು ಅಂದ್ರೆ ನನ್ನ ಪ್ರಕಾರ ಇಷ್ಟು:

▪️ ಕೆಲಸ ಮೊದಲೇ ಬರೆದು ಕೊಡಿ. "ಅಕೌಂಟ್ಸ್ ವಿಭಾಗ" ಅಂದ್ರೆ ಸಾಲದು. ಮೊದಲ ತಿಂಗಳು ಬಿಲ್ ಎಂಟ್ರಿ, ಎರಡನೇ ತಿಂಗಳು ಬ್ಯಾಂಕ್ ತಾಳೆ, ಮೂರನೇ ತಿಂಗಳು ರಿಟರ್ನ್. ಹೀಗೆ ಇದ್ರೆ ಆ ಮ್ಯಾನೇಜರ್ ನನ್ನನ್ನ ಎರಡೇ ದಿನಕ್ಕೆ ಕಳಿಸ್ತಿರಲಿಲ್ಲ.

▪️ ಹೇಳಿಕೊಡೋಕೆ ಒಬ್ಬರನ್ನ ಗೊತ್ತು ಮಾಡಿ. ಆ ಸಮಯವನ್ನ ಅವರ ಕೆಲಸ ಅಂತಲೇ ಲೆಕ್ಕ ಹಾಕಿ. ಇಲ್ಲಾಂದ್ರೆ ಅವರಿಗೂ ನಾವು ತಲೆನೋವು.

▪️ ದುಡ್ಡು ಕೊಡಿ, ದೂರನೂ ನೋಡಿ. ತುಮಕೂರಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. 9,000 ರೂಪಾಯಿಯಲ್ಲಿ ಪಿಜಿ, ಊಟ, ಬಸ್ಸು ಕಳೆದ್ರೆ ಏನು ಉಳಿಯುತ್ತೆ? ದಿನಾ ಓಡಾಡಿದ್ರೆ ಓದೋದು ಯಾವಾಗ? ನಮ್ಮಪ್ಪನಂಥವರು "ಬೆಂಗಳೂರಾ? ಬೇಡ ಬಿಡು" ಅಂತ ಅಲ್ಲಿಗೇ ಮುಗಿಸ್ತಾರೆ.

▪️ ಕ್ಯಾಲೆಂಡರ್ ಹೊಂದಿಸಿ. ಇದೇ ನನಗೆ ಮುಖ್ಯ. ಆಡಿಟರ್ ಆಫೀಸಿಗೆ ಜುಲೈಯಿಂದ ಸೆಪ್ಟೆಂಬರ್ ಉಸಿರಾಡೋಕೂ ಪುರುಸೊತ್ತಿಲ್ಲ, ರಿಟರ್ನ್ ಮುಗಿಯೋಷ್ಟ್ರಲ್ಲಿ ಟ್ಯಾಕ್ಸ್ ಆಡಿಟ್. ಬಟ್ಟೆ ಅಂಗಡಿಗೆ ದಸರಾ, ದೀಪಾವಳಿ. ನಮ್ಮನ್ನ ಇಂಟರ್ನ್‌ಶಿಪ್‌ಗೆ ಕಳಿಸೋದು ಕಾಲೇಜಿಗೆ ರಜೆ ಇದ್ದಾಗ, ಅವರಿಗೆ ಕೆಲಸ ಇರಲಿ ಬಿಡಲಿ. ಕೆಲಸ ಇಲ್ಲದಾಗ ಹೋದ್ರೆ ಕಾಫಿ ಸಿಗುತ್ತೆ ಅಷ್ಟೆ. ಸೆಮಿಸ್ಟರ್ ಪ್ಲಾನ್ ಮಾಡುವಾಗಲೇ ಇಬ್ಬರೂ ಕೂತು ಮಾತಾಡಿದ್ರೆ, ಕೈ ಬೇಕಾದಾಗ ಅವರಿಗೆ ಕೈ ಸಿಗುತ್ತೆ, ನಮಗೆ ಕೆಲಸ ಸಿಗುತ್ತೆ.

▪️ ಮಾರ್ಕ್ಸಲ್ಲಿ ಪಾಲು ತಗೊಳ್ಳಿ. ನಾನು ಬರೆದ ರಿಪೋರ್ಟ್‌ಗಿಂತ ನಾನು ಮಾಡಿದ ಕೆಲಸದ ಬಗ್ಗೆ ನಿಮಗೇ ಚೆನ್ನಾಗಿ ಗೊತ್ತಿರುತ್ತೆ.

5/5
"ಕಲಿಸಿದ ಮೇಲೆ ಬಿಟ್ಟು ಹೋಗ್ತಾರೆ" ಅನ್ನೋ ಮಾತು ಕೇಳಿದ್ದೀನಿ. ಕೆಲವರು ಹೋಗ್ತಾರೆ, ನಿಜ. ಆದ್ರೆ ಸಿಎ ಆರ್ಟಿಕಲ್‌ಶಿಪ್ ನೋಡಿ. ಆಡಿಟರ್‌ಗಳು ಎಷ್ಟೋ ವರ್ಷದಿಂದ ಹುಡುಗರನ್ನ ತಯಾರು ಮಾಡಿ ಕಳಿಸ್ತಾನೇ ಇದ್ದಾರೆ. ಯಾವ ಆಫೀಸೂ ಅದರಿಂದ ಮುಚ್ಚಿಹೋಗಿಲ್ಲ. ಸಿಎ ಆಗೋರಿಗೆ ಎರಡು ವರ್ಷ ಕೆಲಸ ಕಡ್ಡಾಯ. ಬಿಕಾಂ ಓದೋರಿಗೆ ಒಂದು ಸೆಮಿಸ್ಟರ್ ಆದ್ರೂ ಯಾಕಿರಬಾರದು?

ಇನ್ನೊಂದು ಭಯ ನಮ್ಮ ಕಡೆಯದ್ದು, ಅದೂ ಸರಿನೇ: ಸ್ಟೂಡೆಂಟ್ ಹೆಸರಲ್ಲಿ ಅಗ್ಗಕ್ಕೆ ಆಳು. ಮೂರು ತಿಂಗಳೂ ಬರೀ ಜೆರಾಕ್ಸ್ ಮಾಡಿಸಿದ್ರೆ ಅದು ಓದಲ್ಲ. ಅದಕ್ಕೇ ಬರೆದ ಕೆಲಸದ ಪಟ್ಟಿ ಬೇಕು, ತಿಂಗಳಿಗೊಮ್ಮೆ ನಮ್ಮ ಲೆಕ್ಚರರ್ ಅಲ್ಲಿಗೇ ಹೋಗಿ ನೋಡಬೇಕು.

ಕಂಪನಿ ಅಂದ ತಕ್ಷಣ ಬೆಂಗಳೂರಿನ ಗಾಜಿನ ಬಿಲ್ಡಿಂಗೇ ಆಗಬೇಕಾಗಿಲ್ಲ. ನಮ್ಮ ಕ್ಲಾಸಲ್ಲೇ ಎಷ್ಟು ಜನ ಈಗಾಗಲೇ ದುಡೀತಿದ್ದಾರೆ! ಆಡಿಟರ್ ಆಫೀಸು, ಮೆಡಿಕಲ್ ಸ್ಟೋರ್, ಎಪಿಎಂಸಿ ಮಂಡಿ, ಸಹಕಾರ ಸಂಘ, ವಸಂತನರಸಾಪುರದ ಫ್ಯಾಕ್ಟರಿಗಳು. ಚಿಕ್ಕ ಸಂಸ್ಥೆಗಳಿಗೆ ಕಡ್ಡಾಯ ಇಲ್ಲದಿದ್ರೂ, ನಾಲ್ಕರಿಂದ 29 ಜನ ಇರೋ ಕಡೆನೂ ಅಪ್ರೆಂಟಿಸ್ ತಗೋಬಹುದು ಅನ್ನುತ್ತೆ ನಿಯಮ. ಒಬ್ಬೊಬ್ಬರು ಇಬ್ಬಿಬ್ಬರನ್ನ ತಗೊಂಡ್ರೂ ಹತ್ತು ಕಡೆ ಇಪ್ಪತ್ತು ಜನ ಆಯ್ತು. ಕಾಲೇಜು ಮೊದಲು ಹೋಗಬೇಕಾಗಿರೋದು ಅವರ ಬಾಗಿಲಿಗೆ.

ಅದಕ್ಕೇ ನಾನೊಂದು ಪಟ್ಟಿ ಮಾಡ್ತಿದ್ದೀನಿ. ನೀವು ಓದ್ತಾ ಕೆಲಸ ಮಾಡ್ತಿದ್ರೆ ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಅಲ್ಲಿ ಕಲಿತಿದ್ದು ಏನು ಅಂತ ಡಿಎಂ ಮಾಡಿ. ಹೆಸರು ಬೇಡ. ಸೆಮ್ ಮುಗಿಯೋದ್ರೊಳಗೆ ಪ್ರಿನ್ಸಿಪಾಲ್ ಸರ್ ಕೈಗೆ ಕೊಡ್ತೀನಿ. ಮೊದಲ ಸಾಲಲ್ಲಿ ನನ್ನ ಗೆಳತಿ ಕೆಲಸ ಬರೆದಾಗಿದೆ. ನನ್ನ ಸರ್ಟಿಫಿಕೇಟ್ ಬಗ್ಗೆನೂ ಅವರಿಗೆ ಹೇಳ್ತೀನಿ. ಬೈದ್ರೆ ಬೈಸ್ಕೋತೀನಿ. 🙏

#ಬಿಕಾಂಬದುಕು #ಓದುಜೊತೆಕೆಲಸ #ತುಮಕೂರು