ಕಾಲೇಜಿಗೆ ಬಂದ ಜಾಬರ

ಮಂಡಿಪೇಟೆಯಲ್ಲಿ ಮೂಟೆ ಹೊರುವ ಹಿರಿಯರೊಬ್ಬರು ಹೋದ ವಾರ ನಮ್ಮ ಕಚೇರಿಗೆ ಬಂದಿದ್ದರು. ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗ. ಪ್ರಾಧ್ಯಾಪಕರೊಬ್ಬರು ಅವನನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ, ಅವನ ಇಂಗ್ಲಿಷನ್ನು ಅಣಕಿಸಿ, ಅಪ್ಪನ ಕಸುಬು ಏನೆಂದು ಕೇಳಿ, "ಹಾಗಾದರೆ ನೀನೂ ಮಂಡಿಗೇ ಹೋಗು" ಎಂದರಂತೆ. ಇದು ಒಂದು ದಿನದ ಮಾತಲ್ಲ. ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ ತೋರಿಸಿ ಎಂದು ಹುಡುಗ ಕೇಳಿದ. ಮುಂದಿನ ಪರೀಕ್ಷೆಯಲ್ಲಿ ಅಂಕ ಇನ್ನೂ ಇಳಿಯಿತು. ಈಗ ಹದಿನೈದು ದಿನದಿಂದ ಅವನು ಕಾಲೇಜಿನ ಕಡೆ ತಲೆ ಹಾಕಿಲ್ಲ.

"ಅಂಕ ಅವರ ಕೈಯಾಗ ಐತಿ ಅಣ್ಣಾರೆ. ಎದುರು ಮಾತಾಡಿದ್ರ ಹುಡುಗನ ವರ್ಷ ಹೋಗ್ತತಿ. ನೀವಾದ್ರೂ ಅವನಿಗೆ ಬುದ್ಧಿ ಹೇಳ್ರಿ" ಎಂದರು ಆ ಹಿರಿಯರು.

ಬುದ್ಧಿ ಹೇಳಬೇಕಾದದ್ದು ಹುಡುಗನಿಗೋ?

ಹತ್ತಿಗಿರಣಿಯ ಕಾಲ ಕಂಡವರು ಊರಲ್ಲಿ ಇನ್ನೂ ಇದ್ದಾರೆ. ಜಾಬರ ಎಂದರೆ ಯಾರೆಂದು ಅವರನ್ನು ಕೇಳಿರಿ. ಮುಂಬಯಿಯ ಗಿರಣಿಗಳಲ್ಲಿ ಕೆಲಸ ಕೊಡುವವನು ಅವನೇ, ಬಿಡಿಸುವವನೂ ಅವನೇ. ದಸ್ತೂರಿ ಕೊಟ್ಟವನಿಗೆ ಒಳ್ಳೆಯ ಸಾಂಚೆ, ಕೊಡದವನಿಗೆ ಬಾಗಿಲು. ನೇಮಕ ಮತ್ತು ವಜಾದ ಅಧಿಕಾರ ಜಾಬರನ ಕೈಯಲ್ಲಿ ಇರಕೂಡದೆಂದು 1931ರಲ್ಲಿ ಬ್ರಿಟಿಷರ ರಾಯಲ್ ಕಮಿಷನ್ನೇ ಬರೆಯಬೇಕಾಯಿತು. 1946ರಲ್ಲಿ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆ ಬಂತು. ಯಾವುದು ತಪ್ಪು, ತಪ್ಪಿಗೆ ಏನು ದಂಡನೆ, ಅನ್ಯಾಯವಾದರೆ ಯಾರ ಬಳಿ ಹೋಗಬೇಕು ಎಂಬುದನ್ನೆಲ್ಲ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕಾರ್ಖಾನೆಯ ಬಾಗಿಲ ಬಳಿ ಹಲಗೆಗೆ ಹಚ್ಚಬೇಕೆಂದು ಅದು ಹೇಳಿತು. (2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಆ ಕಾಯಿದೆಯನ್ನು ನುಂಗಿ, ಮುನ್ನೂರಕ್ಕಿಂತ ಕಡಿಮೆ ಆಳುಗಳಿರುವ ಕಾರ್ಖಾನೆಗಳನ್ನು ಹೊರಗೆ ಬಿಟ್ಟಿತು. ಅದರ ಲೆಕ್ಕವನ್ನು ಬೇರೊಂದು ವಾರ ಮಾಡೋಣ.) ಜಾಬರನ ಕಾಲು ಹಿಡಿದು ಯಾರೂ ಈ ಹಕ್ಕು ಪಡೆಯಲಿಲ್ಲ.

ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಕಾಲೇಜುಗಳ ಊರಾಯಿತು. 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ. ನೂಲು ತೆಗೆದವರ ಮೊಮ್ಮಕ್ಕಳು, ಮಂಡಕ್ಕಿ ಭಟ್ಟಿಯಲ್ಲಿ ಬೆಂದವರ ಮಕ್ಕಳು ಅಲ್ಲಿ ಕೂತು ಓದುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ಗಿರಣಿಯ ಬಾಗಿಲಲ್ಲಿ ನಾವು ಬಿಟ್ಟುಬಂದ ಜಾಬರ ಇಲ್ಲಿ ಕೋಟು ತೊಟ್ಟು ಕೂತಿದ್ದಾನೆ. ಅವನ ಆಯುಧ ಆಂತರಿಕ ಅಂಕ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪದ್ಧತಿಯಲ್ಲಿ ನೂರರಲ್ಲಿ 50 ಅಂಕ ಕಾಲೇಜಿನ ಒಳಗೇ ಬೀಳುತ್ತದೆ. ಅದರಲ್ಲಿ 20 ಬಾರದವನು ಕೊನೆಯ ಪರೀಕ್ಷೆಗೇ ಕೂರುವಂತಿಲ್ಲ. ಬಿ.ಎ., ಬಿ.ಕಾಂ.ಗಳಲ್ಲಿ 2021ರ ಪದ್ಧತಿ ಆಂತರಿಕ ಅಂಕವನ್ನು 40ಕ್ಕೆ ಏರಿಸಿತ್ತು; 2024ರಲ್ಲಿ ರಾಜ್ಯ ಸರಕಾರ 20ಕ್ಕೆ ಇಳಿಸಿತು. ವರ್ಷವಿಡೀ ಓದಿದ್ದಕ್ಕೆ ಬೆಲೆ ಸಿಗಲಿ ಎಂಬ ಉದ್ದೇಶ ಕೆಟ್ಟದ್ದಲ್ಲ. ಆದರೆ ಲೆಕ್ಕ ಕೇಳುವವರಿಲ್ಲದ ಕಡೆ ಅಂಕವೂ ದಸ್ತೂರಿಯಾಗುತ್ತದೆ.

ನಾವು ಮೇಷ್ಟರುಗಳ ವೈರಿಗಳಲ್ಲ. ಕಟ್ಟುನಿಟ್ಟಿನ ಮೇಷ್ಟರು ಬೇರೆ, ಅವಮಾನ ಮಾಡುವ ಮೇಷ್ಟರು ಬೇರೆ. ತಪ್ಪು ಬರೆದದ್ದಕ್ಕೆ ಅಂಕ ಕಳೆದು, ಎಲ್ಲಿ ತಪ್ಪಿತೆಂದು ತೋರಿಸುವವರು ನಮ್ಮ ಮಕ್ಕಳ ಬಂಧುಗಳು. ಸರಕಾರಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ನೌಕರಿಯ ಭದ್ರತೆ ಕೇಳಿ 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಗಿಳಿದಾಗ ನಮ್ಮ ನ್ಯಾಯವೂ ಅವರ ನ್ಯಾಯವೂ ಒಂದೇ ಆಗಿತ್ತು. ಅವರೂ ಬದಲಿ ಆಳುಗಳೇ. ಈ ಮಾತು ನೆನಪಿದ್ದರೆ ಹುಡುಗರು ಸಿಟ್ಟಿಗೆ ಸಿಕ್ಕಿದವರ ಮೇಲೆಲ್ಲ ದೂರು ಬರೆಯುವುದಿಲ್ಲ. ಸುಳ್ಳು ದೂರಿಗೆ ಕ್ರಮವೂ ಉಂಟು.

ಇನ್ನು ಬುದ್ಧಿ ಹೇಳುವವರ ಸಂಗತಿ. "ಗುರು ದೇವರ ಸಮಾನ, ತಾಳಿಕೋ" ಎನ್ನುವುದು ಹಳೆಯ ಪಾಠ. "ಮನಸ್ಸು ಗಟ್ಟಿ ಮಾಡಿಕೋ, ಉಸಿರಾಟ ಕಲಿ" ಎನ್ನುವುದು ಹೊಸದು. ರಾತ್ರಿ ನಿದ್ದೆ ಬಾರದ ಹುಡುಗನ ಮಾತನ್ನು ಯಾರಾದರೂ ಕೇಳಲೇಬೇಕು. ಮನೆಯವರು ಕೇಳಲಿ, ವೈದ್ಯರು ಕೇಳಲಿ, 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಕೇಳುತ್ತಾರೆ. ಅದರಲ್ಲಿ ನಾಚಿಕೆಯಿಲ್ಲ. ಆದರೆ ಕಾಯಿಲೆ ತರಗತಿಯಲ್ಲಿರುವಾಗ ಹುಡುಗನಿಗೊಬ್ಬನಿಗೇ ಔಷಧಿ ಕೊಟ್ಟು ಕೈ ತೊಳೆದುಕೊಳ್ಳುವುದು ಯಾವ ನ್ಯಾಯ?

ಆ ಹಿರಿಯರ ಮಗನಿಗೆ ನಾವು ಹೇಳಿದ ಮೊದಲ ಮಾತು, ನಾಳೆಯೇ ಕಾಲೇಜಿಗೆ ಹೋಗು ಎಂದು. ಜಾಬರನ ಮೇಲೆ ಮುನಿಸಿಕೊಂಡು ಮನೆಯಲ್ಲಿ ಕೂತವನನ್ನು ಗೈರುಹಾಜರಿಯ ನೆಪದಲ್ಲೇ ತೆಗೆದುಹಾಕುತ್ತಿದ್ದರು. ಇಂಜಿನಿಯರಿಂಗಿನಲ್ಲಿ ಹಾಜರಿ ನೂರಕ್ಕೆ 85 ಬೇಕು. ಆ ಆಯುಧವನ್ನು ನಾವೇ ಅವರ ಕೈಗೆ ಕೊಡಬಾರದು. ಎರಡನೆಯದು, ಯಾವ ದಿನ, ಯಾವ ಗಂಟೆ, ಏನೆಂದರು, ಯಾರು ಕೇಳಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಮೂರನೆಯದು, ಒಬ್ಬನೇ ಹೋಗಬೇಡ. ಅಣಕಿಗೆ ಸಿಕ್ಕವನು ನೀನೊಬ್ಬನೇ ಆಗಿರಲಾರೆ.

ಹೋಗುವುದೆಲ್ಲಿಗೆ? ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರತಕ್ಕದ್ದೆಂದು ಯು.ಜಿ.ಸಿ. 2023ರ ಏಪ್ರಿಲಿನಲ್ಲಿ ನಿಯಮ ಹೊರಡಿಸಿದೆ. ಮೌಲ್ಯಮಾಪನದಲ್ಲಿ ಅನ್ಯಾಯವಾದರೆ ಅದು ದೂರಿಗೆ ತಕ್ಕ ಕಾರಣವೆಂದು ಅದರಲ್ಲೇ ಬರೆದಿದೆ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಇನ್ನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಮೋಸವಾಗಿದೆ ಎನಿಸಿದರೆ, ತನ್ನ ಉತ್ತರ ಪತ್ರಿಕೆಯನ್ನು ತಾನು ನೋಡುವ ಹಕ್ಕು ಬರೆದವನಿಗೆ ಉಂಟೆಂದು 2011ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.

ನಿಯಮದಲ್ಲೂ ತೂತುಗಳಿವೆ. ಸಮಿತಿಯ ಅಧ್ಯಕ್ಷರು ಪ್ರಾಧ್ಯಾಪಕರು, ಸದಸ್ಯರು ನಾಲ್ವರೂ ಅಧ್ಯಾಪಕರು, ವಿದ್ಯಾರ್ಥಿ ಬರೀ ವಿಶೇಷ ಆಹ್ವಾನಿತ. ಆ ವಿದ್ಯಾರ್ಥಿಯನ್ನು ಆರಿಸುವವರು ಯಾರು? 1980ರ ದಶಕದ ಕೊನೆಗೆ ಈ ರಾಜ್ಯದಲ್ಲಿ ಕಾಲೇಜು ಸಂಘಗಳ ಚುನಾವಣೆಗೆ ಬೀಗ ಹಾಕಿದರು. ಸಂಘವಿಲ್ಲದ ಗಿರಣಿಯಲ್ಲಿ ಕೆಲಸಗಾರರ ಪ್ರತಿನಿಧಿಯನ್ನು ಮಾಲೀಕನೇ ನೇಮಿಸಿದರೆ ಹೇಗೋ ಇದೂ ಹಾಗೆಯೇ. ವಿದ್ಯಾರ್ಥಿಗಳು ಚುನಾಯಿಸಿದ ಪ್ರತಿನಿಧಿಗೆ ಸಮಿತಿಯಲ್ಲಿ ಮತ ಬೇಕು. ಆಂತರಿಕ ಅಂಕ ಹೇಗೆ ಹಾಕುತ್ತಾರೆ, ದೂರು ಎಲ್ಲಿ ಕೊಡಬೇಕು ಎಂಬುದನ್ನು ಪ್ರತಿ ಕಾಲೇಜಿನ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಲಗೆಗೆ ಹಚ್ಚಬೇಕು. ಗಿರಣಿಗೆ 1946ರಲ್ಲಿ ಬಂದದ್ದು ವಿದ್ಯಾಮಂದಿರಕ್ಕೆ ಇನ್ನೂ ಏಕೆ ಬಂದಿಲ್ಲ?

ಹುಡುಗ ಮಂಗಳವಾರದಿಂದ ತರಗತಿಗೆ ಹೋಗುತ್ತಿದ್ದಾನೆ. ಅವನ ಜೊತೆ ಇನ್ನೂ ನಾಲ್ವರು ತಮ್ಮ ತಮ್ಮ ಅರ್ಜಿ ಬರೆದುಕೊಟ್ಟಿದ್ದಾರೆ. ಐದನೆಯವನೊಬ್ಬನಿದ್ದಾನೆ, ಅಂಗಡಿಕಾರರ ಮಗ. ಅವನ ತಂದೆ "ನಮಗ್ಯಾಕ್ರೀ ಬೇಕು" ಎಂದು ತಡೆದಿದ್ದಾರೆ. ಶನಿವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಆ ಹಮಾಲರೇ ಅವರ ಬಳಿ ಮಾತಾಡಲು ಹೋಗುವವರಿದ್ದಾರೆ.