ಘಾಟ್ ಇಳಿಯೋ ಲೆಕ್ಕ

ಎಂಟು ದಿನ, ಒಂಬತ್ತು ಊರು. ಸ್ವಿಟ್ಜರ್ಲೆಂಡಿಗೆ ಹೋಗಿಬಂದ ಆಫೀಸಿನ ಗೆಳೆಯನೊಬ್ಬ ಕಳಿಸಿದ ಎಕ್ಸೆಲ್ ಶೀಟ್ ಶುರುವಾಗೋದೇ ಹೀಗೆ. ನಿಮ್ಮ ಫೋನಿಗೂ ಇಂಥದ್ದೊಂದು ಬಂದಿರುತ್ತೆ. ಯಾವ ತಿರುವಿನಲ್ಲಿ ನಿಂತರೆ ಫೋಟೋ ಚೆನ್ನಾಗಿ ಬರುತ್ತೆ, ಯಾವ ಸಿನಿಮಾ ಎಲ್ಲಿ ಶೂಟ್ ಆಯ್ತು, ಕಾಫಿ ಎಲ್ಲಿ ಸೋವಿ, ಎಲ್ಲಾ ಇದೆ. ಪ್ರತಿ ಸಾಲಿಗೂ ಕಿಲೋಮೀಟರ್ ಇದೆ, ಬಣ್ಣ ಇದೆ. ಗಂಡ-ಹೆಂಡತಿ ಇಬ್ಬರೇ, ಮೂವತ್ತರ ಆಸುಪಾಸು, ಬೆನ್ನಿಗೊಂದು ಬ್ಯಾಗು ಅಂದರೆ ಆ ಶೀಟ್ ನಡೆಯುತ್ತೆ. ನಮ್ಮ ಕಾರಿನಲ್ಲಿ ನಾಲ್ಕು ಜನ: ನಾನು, ತಂಗಿ, 61 ವರ್ಷದ ಅಪ್ಪ, ಮಂಡಿನೋವಿನ ಅವ್ವ. ಹೊರಡೋದು ಸೆಪ್ಟೆಂಬರಿನಲ್ಲಿ.

ಚಿತ್ತವಾಡ್ಗಿಯ ಮನೆ ಕಟ್ಟೆ ಮೇಲೆ ಕೂತು ಅಪ್ಪ ಆ ಶೀಟನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಿದ. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದ. "ಎಲ್ಲಾ ಹತ್ತೋದೇ ಬರದಾರಲ್ಲೋ. ಇಳಿಯೋದು ಎಲ್ಲೈತಿ?"

ಕೇಳೋ ಹಕ್ಕು ಅವನಿಗಿದೆ. ಅದಿರು ಲಾರಿ ಓಡಿಸಿದವನು ಅವನು. ಸಂಡೂರಿನಲ್ಲಿ ಲೋಡ್ ಮಾಡ್ಕೊಂಡು ಹೊಸಪೇಟೆ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು ಅಂಕೋಲಾ. ಅಲ್ಲಿಂದ ಬೇಲೆಕೇರಿ ಬಂದರು, ಇಲ್ಲಾಂದ್ರೆ ಕಾರವಾರ. ಆ ಕಾಲದಲ್ಲಿ ನಮ್ಮೂರ ಕಡೆ ರಸ್ತೆ, ಮರ, ಮನೆ ಮುಂದಿನ ತುಳಸಿಗಿಡ ಎಲ್ಲದಕ್ಕೂ ಒಂದೇ ಕೆಂಪು ಬಣ್ಣ ಇತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಅಪ್ಪ ಲಾರಿ ಮಾರಿದ. ಆಮೇಲೆ ಯಾರದೋ ಟೆಂಪೊ ಓಡಿಸಿದ, ಕೊನೆಗೆ ಅದನ್ನೂ ಬಿಟ್ಟು ಮನೇಲಿ ಕೂತ.

ಆ ಲಾರಿ ವರ್ಷಗಳಲ್ಲಿ ಅವ್ವನದು ಬೇರೆಯೇ ಡ್ಯೂಟಿ. ಘಾಟ್ ಇಳಿದ ಕೂಡಲೇ ಅಪ್ಪ ಒಂದು ಮಿಸ್ಡ್ ಕಾಲ್ ಕೊಡಬೇಕು. ರಾತ್ರಿ ಎರಡಾಗಲಿ, ಮೂರಾಗಲಿ. ಫೋನ್ ಒಂದು ಸಲ ಬಡಕೊಂಡು ನಿಂತರೆ ಮಾತ್ರ ಅವ್ವ ಮಲಗೋದು. ಮಳೆಗಾಲದಲ್ಲಿ ಎಷ್ಟೋ ರಾತ್ರಿ ಅದು ಬೆಳಗಿನ ಜಾವಕ್ಕೆ ಬರ್ತಿತ್ತು. ಹಾಗಾಗಿ ಗಂಡ ಓಡಿಸೋ ಗಾಡಿಯಲ್ಲಿ ಘಾಟ್ ಹತ್ತೋ ಆಸೆ ಅವಳಿಗೆ ಯಾವತ್ತೂ ಬಂದಿಲ್ಲ. ಅಪ್ಪನಿಗೆ ಮಾತ್ರ ಒಂದೇ ಆಸೆ. ಲೋಡ್ ಇಲ್ಲದೆ, ಟೈಮಿನ ಒತ್ತಡ ಇಲ್ಲದೆ, ಒಂದು ಘಾಟನ್ನು ಹೆಂಡತಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು ದಾಟಬೇಕು. "ಎಲ್ಲಿಯಾದ್ರೂ ಆದೀತು" ಅಂದಿದ್ದ. ಸ್ವಿಟ್ಜರ್ಲೆಂಡ್ ಅಂದಿದ್ದು ನಾನು.

ಈಗ ಘಾಟಿಗಳ ವಿಷಯಕ್ಕೆ ಬರ್ತೀನಿ. ಆಲ್ಪ್ಸ್‌ನಲ್ಲಿ ರಸ್ತೆಪ್ರಿಯರು ಮೊದಲು ಹೇಳೋ ಹೆಸರುಗಳಲ್ಲಿ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಇದ್ದೇ ಇರುತ್ತವೆ. ಮೂರನ್ನೂ ಸೇರಿಸಿ ಒಂದು ಸುತ್ತು ಹಾಕಿದರೆ ಸುಮಾರು 120 ಕಿ.ಮೀ. ಫುರ್ಕಾ 2,429 ಮೀಟರ್, ಉಳಿದೆರಡೂ 2,100 ಮೀಟರಿಗಿಂತ ಮೇಲೆ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಅಲ್ಲಿ ಸಾಧಾರಣ ಟಾರ್ ರಸ್ತೆಯೇ ನಮ್ಮ ಶಿಖರದ ತಲೆ ಮೇಲೆ ಹೋಗುತ್ತೆ. 1964ರ ಜೇಮ್ಸ್ ಬಾಂಡ್ ಸಿನಿಮಾ 'ಗೋಲ್ಡ್‌ಫಿಂಗರ್'ನಲ್ಲಿ ಕಾರು ಓಡೋದು ಫುರ್ಕಾ ರಸ್ತೆಯಲ್ಲೇ. ಒಂದು ಹೇರ್‌ಪಿನ್ ತಿರುವಿನಲ್ಲಿ ಮುಚ್ಚಿದ ಹಳೇ ಹೋಟೆಲ್ ಬೆಲ್ವೆಡೇರ್ ಇದೆ, ಇನ್‌ಸ್ಟಾಗ್ರಾಮಿನಲ್ಲಿ ನೀವೆಲ್ಲ ನೋಡಿದ್ದೀರಿ. ಅದರ ಹತ್ತಿರವೇ ರೋನ್ ನದಿ ಹುಟ್ಟುವ ಹಿಮನದಿ. ಬೇಸಿಗೆಯಲ್ಲಿ ಅದು ಬೇಗ ಕರಗದಿರಲಿ ಅಂತ ಒಂದಷ್ಟು ಭಾಗಕ್ಕೆ ಬಿಳಿ ಹೊದಿಕೆ ಹಾಸುತ್ತಾರೆ. ಇದನ್ನ ಕೇಳಿ ಅವ್ವ ನಗಲಿಲ್ಲ, "ಪಾಪ" ಅಂದಳು.

ಈ ರಸ್ತೆಗಳು ವರ್ಷಪೂರ್ತಿ ತೆರೆದಿರಲ್ಲ. ಹಿಮ ಕರಗಿ ಸುಮಾರು ಜೂನ್‌ಗೆ ತೆಗೆದರೆ ಅಕ್ಟೋಬರ್ ಹೊತ್ತಿಗೆ ಮತ್ತೆ ಮುಚ್ಚುವ ಮಾತು. ಹಾಗಾಗಿ ಏಪ್ರಿಲ್ ರಜೆಗೆ ಹೋಗಿ ಘಾಟ್ ಓಡಿಸ್ತೀನಿ ಅನ್ನೋರು ಟಿಕೆಟ್ ತಗೊಳ್ಳೋ ಮೊದಲೇ ಇನ್ನೊಂದು ಸಲ ನೋಡಿ. ನಾವು ಸೆಪ್ಟೆಂಬರ್ ಮೊದಲ ವಾರ ಹಿಡಿದೆವು. ಜನ ಸ್ವಲ್ಪ ಕಮ್ಮಿ, ರಸ್ತೆ ತೆರೆದಿರುತ್ತೆ. ಸಂಡೂರನ್ನೂ ಸೆಪ್ಟೆಂಬರಿನಲ್ಲೇ ನೋಡಬೇಕು ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ. "ಸಂಡೂರು ಬಿಟ್ಟು ಅಲ್ಲಿಗ್ಯಾಕ?" ಅಂತ ಪಕ್ಕದ ಮನೆಯವರು ಕೇಳಿದ್ದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇನ್ನೂ ಇಲ್ಲ.

ಅಪ್ಪನ ಪ್ರಶ್ನೆಗೆ ವಾಪಸ್ ಬಂದರೆ, ಇಳಿಯೋದು ಶೀಟ್‌ನಲ್ಲಿ ಎಲ್ಲೂ ಇರಲಿಲ್ಲ. ಹತ್ತೋವಾಗ ಎಂಜಿನ್ ಕೆಲಸ ಮಾಡುತ್ತೆ, ಇಳಿಯೋವಾಗ ಡ್ರೈವರ್ ಕೆಲಸ ಮಾಡಬೇಕು ಅನ್ನೋದು ಅವನ ವಾದ. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ ಲೈನಿಂಗ್ ಕಾಯ್ದು, ಕೊನೆಗೆ ಬೇಕಾದಾಗ ಹಿಡಿಯೋದೇ ಇಲ್ಲ. ಆಟೊಮ್ಯಾಟಿಕ್ ಕಾರಿನಲ್ಲೂ ಇದೇ ಲೆಕ್ಕ. ಲಿವರನ್ನು 'ಡಿ'ಯಲ್ಲೇ ಬಿಟ್ಟು ಕೂರೋದಲ್ಲ, ಮ್ಯಾನ್ಯುಯಲ್ ಮೋಡಿಗೆ ಹಾಕಿ ಗೇರ್ ಇಳಿಸಬೇಕು. ಇದನ್ನು ಬಾಡಿಗೆ ಕಾರಿನ ಕೀ ಕೈಗೆ ಬಂದ ಕೂಡಲೇ, ಪಾರ್ಕಿಂಗ್ ಜಾಗದಲ್ಲೇ ಕಲಿತುಕೊಳ್ಳಿ, ಘಾಟಿನ ತುದಿಯಲ್ಲಿ ಅಲ್ಲ. ಇಕ್ಕಟ್ಟಿನ ಜಾಗದಲ್ಲಿ ಎದುರಾದರೆ ಇಳಿಯೋ ಗಾಡಿಯೇ ಹತ್ತೋ ಗಾಡಿಗೆ ದಾರಿ ಬಿಡಬೇಕು ಅನ್ನೋ ನಿಯಮ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಇಲ್ಲಿ ಅದು ಪುಸ್ತಕದಲ್ಲಿದೆ ಅನ್ನಿ.

ಅಪ್ಪನಿಗೆ ತುಂಬಾ ಹಿಡಿಸಿದ್ದು ಅಲ್ಲಿಯ ಹಳದಿ ಪೋಸ್ಟ್ ಬಸ್ಸು. ನೀಲಿ ಬೋರ್ಡಿನ ಮೇಲೆ ಹಳದಿ ಕೊಂಬಿನ ಚಿತ್ರ ಇರೋ ಬೆಟ್ಟದ ರಸ್ತೆಗಳಲ್ಲಿ ಆ ಬಸ್ಸಿಗೇ ಮೊದಲ ಮರ್ಯಾದೆ. ಅದರ ಡ್ರೈವರ್ ಹಿಂದೆ ಹೋಗು ಅಂದರೆ ಹಿಂದೆ ಹೋಗಬೇಕು. ಮೂರು ಸ್ವರದ ಹಾರ್ನ್ ಬೇರೆ. ಯೂಟ್ಯೂಬಿನಲ್ಲಿ ಆ ಹಾರ್ನನ್ನು ನಾಲ್ಕು ಸಲ ಕೇಳಿ, "ನಮ್ಮ ಕಲ್ಯಾಣ ಕರ್ನಾಟಕ ಬಸ್ಸಿನ ಡ್ರೈವರ್‌ಗೆ ಇಷ್ಟು ಮರ್ಯಾದಿ ಕೊಟ್ರ ಆಕ್ಸಿಡೆಂಟ ಆಗಂಗಿಲ್ಲ ನೋಡು" ಅಂದ.

ಒಂಬತ್ತು ಊರು ಎರಡಾಗಿದ್ದು ಇದೇ ಲೆಕ್ಕದಲ್ಲಿ. ಕಿಲೋಮೀಟರ್ ಕಾಲಂ ಅಳಿಸಿ ಅಲ್ಲಿ ಗಂಟೆ ಬರೆದೆ. ಅವ್ವನ ಮಂಡಿಗೆ ಮುಕ್ಕಾಲು ಗಂಟೆಗೊಮ್ಮೆ ಇಳಿದು ಓಡಾಡಬೇಕು, ಅದನ್ನೂ ಸೇರಿಸಿದೆ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸ್ಟಿಯರಿಂಗ್ ಬೇಡ, ಕತ್ತಲಾದ ಮೇಲೆ ಘಾಟ್ ಬೇಡವೇ ಬೇಡ ಅಂತ ಅಪ್ಪ ಹೇಳಿದ. ಉಳಿದಿದ್ದು ಆಂಡರ್ಮಾಟ್ ಮತ್ತು ಲೌಟರ್‌ಬ್ರುನ್ನೆನ್. ಆಂಡರ್ಮಾಟ್ ಜ್ಯೂರಿಕ್‌ನಿಂದ ಸುಮಾರು ಎರಡು ಗಂಟೆ, ಫುರ್ಕಾ ಬುಡದಲ್ಲೇ ಇದೆ. ಲೌಟರ್‌ಬ್ರುನ್ನೆನ್ ಬಂಡೆಗೋಡೆಗಳ ನಡುವಿನ ಕಣಿವೆ. ಬಾಲ್ಕನಿಯಲ್ಲಿ ಕೂತರೂ ಜಲಪಾತ ಕಾಣುತ್ತೆ ಅಂದಾಗ ಅವ್ವ ಮೊದಲ ಸಲ ಫೋನ್ ಕೈಗೆ ತಗೊಂಡಳು. ಅದರ ಮೇಲಿರೋ ವೆಂಗೆನ್, ಮ್ಯೂರೆನ್‌ಗೆ ಕಾರು ಹೋಗಲ್ಲ. ಝೆರ್ಮಾಟ್ ಕೂಡ ಹಾಗೇ, ಟೆಶ್‌ನಲ್ಲಿ ಕಾರು ಬಿಟ್ಟು ರೈಲು ಹತ್ತಬೇಕು. ಕಾರಿನ ಟ್ರಿಪ್ಪಿನಲ್ಲಿ ಕಾರು ಹೋಗದ ಊರುಗಳನ್ನೇ ಸಾಲಾಗಿ ಇಟ್ಟುಕೊಂಡರೆ ಬಾಡಿಗೆ ಕಾರು ಪಾರ್ಕಿಂಗಿನಲ್ಲಿ ನಿಂತೇ ದುಡ್ಡು ತಿನ್ನುತ್ತೆ. ಝೆರ್ಮಾಟ್ ಬಿಟ್ಟೆವು. ತಂಗಿಗೆ ಆ ಸಿಟ್ಟು ಇನ್ನೂ ಇದೆ.

ಕಾಗದಪತ್ರದ ವಿಷಯ ಬೇಗ ಹೇಳ್ತೀನಿ. ಷೆಂಗೆನ್ ವೀಸಾ ಫೀ ದೊಡ್ಡವರಿಗೆ 90 ಯೂರೋ, ನಾಲ್ವರಿಗೆ 360, ಅರ್ಜಿ ಕೇಂದ್ರದ ಚಾರ್ಜ್ ಬೇರೆ. ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಬೇಸಿಗೆ ಸೀಸನ್ನಿಗೆ ತಡ ಮಾಡಬೇಡಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಮ್ಮ ಆರ್‌ಟಿಓದಲ್ಲೇ ಸಿಗುತ್ತೆ: ಫಾರ್ಮ್ 4ಎ, ಫೀ 1,000 ರೂಪಾಯಿ, ಹೆಚ್ಚೆಂದರೆ ಒಂದು ವರ್ಷದ ಮಾನ್ಯತೆ. ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಅದನ್ನು ಕೇಳ್ತವೆ. ಮುಖ್ಯ ಡ್ರೈವರ್ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಲಿ. ಇಬ್ಬರು ಓಡಿಸೋದಾದರೆ ಎರಡನೇ ಹೆಸರನ್ನೂ ಅಗ್ರಿಮೆಂಟಿನಲ್ಲಿ ಬರೆಸಲೇಬೇಕು, ಇಲ್ಲಾಂದ್ರೆ ಏನಾದರೂ ಆದಾಗ ಇನ್ಶೂರೆನ್ಸ್ ಕೈಬಿಡುತ್ತೆ. ಹೈವೇ ಸ್ಟಿಕ್ಕರ್ 40 ಫ್ರಾಂಕ್, ಸ್ವಿಟ್ಜರ್ಲೆಂಡಿನಲ್ಲೇ ಬಾಡಿಗೆಗೆ ಹಿಡಿದ ಕಾರಿಗೆ ಅದು ಮೊದಲೇ ಅಂಟಿರುತ್ತೆ. ಫ್ರಾಂಕ್ ಒಂದಕ್ಕೆ ನೂರು ರೂಪಾಯಿ ದಾಟಿರೋದರಿಂದ ಸೊನ್ನೆ ಎರಡು ಸೇರಿಸಿ ಲೆಕ್ಕ ಹಾಕಿದರೂ ಕಮ್ಮಿಯೇ ಬರುತ್ತೆ. ನಮ್ಮ ಒಟ್ಟು ಅಂದಾಜು ಎಂಟು ಲಕ್ಷ ಅಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರಾಗ ಒಂದು ಹಳೇ ಟಿಪ್ಪರ್ ಬರ್ತೈತಲ್ಲೋ" ಅಂದ.

ನಿಜವಾದ ಗಂಟು ಇದ್ದದ್ದು ಅಪ್ಪನ ಲೈಸೆನ್ಸಿನಲ್ಲಿ. ಅವಧಿ ಮುಗಿದು ಎರಡು ವರ್ಷ ಆಗಿತ್ತು. ಒಂದು ವರ್ಷದೊಳಗೆ ಹೋದರೆ ಬರೀ ರಿನ್ಯೂವಲ್, ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ನಲವತ್ತು ದಾಟಿದವರು ಡಾಕ್ಟರ್ ಸಹಿ ಮಾಡಿದ ಫಾರ್ಮ್ 1ಎ ಕೂಡ ತರಬೇಕು. ಅದಿರು ತುಂಬಿದ ಲಾರಿ ಅರಬೈಲ್ ಇಳಿಸಿದ ಮನುಷ್ಯ ಕಾಲೇಜು ಹುಡುಗರ ಸಾಲಿನಲ್ಲಿ ನಿಂತು, ಸಣ್ಣ ಕಾರಿನಲ್ಲಿ ರಿವರ್ಸ್ ತಗೊಂಡು ತೋರಿಸಬೇಕು. ನನಗೆ ಹೇಳೋಕೇ ಸಂಕೋಚ. ಅಪ್ಪನಿಗೆ ಏನೂ ಅನಿಸಲಿಲ್ಲ. ಹಿಂದಿನ ದಿನ ಸಲೂನಿಗೆ ಹೋಗಿ ಬಂದ, ಇಸ್ತ್ರಿ ಶರ್ಟ್ ಹಾಕಿದ, ಸಂಜೆ ಬಂದು "ಸೀಟ್ ಬೆಲ್ಟ್ ಹಾಕಿದವ ನಾನೊಬ್ಬನೇ" ಅಂದ. ಪಾಸ್.

ಮೊದಲ ಮಳೆ ಬಿದ್ದ ಮೇಲೆ ಒಂದು ಭಾನುವಾರ ಕಾರು ತಗೊಂಡು ರಾಮಗಡಕ್ಕೆ ಹೋದೆವು. ಸಂಡೂರಿನ ಬೆಟ್ಟಸಾಲಿನ ಮೇಲೆ, ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಬಳ್ಳಾರಿಯ ಬ್ರಿಟಿಷ್ ಸೈನಿಕರು ಬಿಸಿಲಿನಿಂದ ತಪ್ಪಿಸಿಕೊಳ್ಳೋಕೆ ಹತ್ತಿ ಬರ್ತಿದ್ದ ಜಾಗ. ಇವತ್ತಿಗೆ ಮಂಜು, ಒಂದಷ್ಟು ಪಾಳು ಗೋಡೆಗಳು ಇವೆ. ಅಪ್ಪ ಸ್ಟಿಯರಿಂಗಿನಲ್ಲಿ, ಅವ್ವ ಹಿಂದಿನ ಸೀಟಿನಲ್ಲಿ. ಹತ್ತೋವಾಗ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಮೇಲೆ ಮಿರ್ಚಿ ಮಂಡಕ್ಕಿ ತಿಂದಾಯ್ತು. ಇಳಿಯೋವಾಗ ನೋಡಿದರೆ ಅವ್ವ ಮುಂದಕ್ಕೆ ಬಾಗಿ, ಎರಡು ಸೀಟಿನ ಮಧ್ಯೆ ತಲೆ ಹಾಕಿ, ಅಪ್ಪನ ಕಾಲನ್ನೇ ನೋಡ್ತಾ ಇದ್ದಾಳೆ. ಬ್ರೇಕ್ ಎಷ್ಟು ಸಲ ಒತ್ತಿದ ಅಂತ ಎಣಿಸ್ತಿದ್ದಳಂತೆ. ಸಂಡೂರು ತಲುಪಿದ ಮೇಲೆ ಲೆಕ್ಕ ಒಪ್ಪಿಸಿದಳು: ಹನ್ನೊಂದು. ಅಪ್ಪ ಒಂಬತ್ತು ಅಂತ ವಾದ ಮಾಡಿದ. ಹೊಸಪೇಟೆ ಬರೋ ತನಕ ಮುಗಿಯಲಿಲ್ಲ.

ಮರುದಿನ ನಾನು ಕೇಳಿದೆ, "ಫುರ್ಕಾಕ್ಕೂ ಬರ್ತೀಯಲ್ಲವಾ?" ಅವ್ವ ಇಲ್ಲ ಅಂದಳು. ರಾಮಗಡ ಬೇರೆ, ಅದು ಬೇರೆ. ಅಲ್ಲಿ ಬಲಗಡೆ ಓಡಿಸಬೇಕು, ಸ್ಟಿಯರಿಂಗ್ ಎಡಕ್ಕೆ, ರಸ್ತೆಯಂಚಿನ ತಡೆಗೋಡೆ ಬರೀ ಕಲ್ಲಿನ ಗುಟ್ಟ. ಯಾರ ಜೊತೆ ಇಷ್ಟು ವಿಡಿಯೋ ನೋಡಿದ್ದಾಳೋ ಗೊತ್ತಿಲ್ಲ. ಒತ್ತಾಯ ಮಾಡೋಕೆ ನನಗೆ ಮನಸ್ಸಿಲ್ಲ. ಅಷ್ಟು ವರ್ಷ ಎಚ್ಚರ ಇದ್ದವಳಿಗೆ ಘಾಟ್ ಅಂದರೆ 'ವ್ಯೂ' ಅಲ್ಲ.

ದಾರಿ ಸಿಕ್ಕಿದ್ದು ಟೈಮ್ ಟೇಬಲ್ ನೋಡುವಾಗ. ಫುರ್ಕಾದ ಕೆಳಗೆ ಸುರಂಗ ಇದೆ. ರಿಯಾಲ್ಪ್‌ನಿಂದ ಓಬರ್ವಾಲ್ಡ್‌ಗೆ ಕಾರನ್ನೇ ರೈಲಿನ ಮೇಲೆ ಹತ್ತಿಸಿ ದಾಟಿಸುತ್ತಾರೆ, ಹಿಮ ಬಿದ್ದು ಘಾಟ್ ಮುಚ್ಚಿದರೆ ಅದೇ ನಮ್ಮ ಪ್ಲ್ಯಾನ್ ಬಿ. ಸಾಮಾನ್ಯ ಪ್ಯಾಸೆಂಜರ್ ರೈಲೂ ಅದೇ ಸುರಂಗದಲ್ಲಿ ಆಂಡರ್ಮಾಟ್‌ನಿಂದ ಓಬರ್ವಾಲ್ಡ್‌ಗೆ ಹೋಗುತ್ತೆ. ಹಾಗಾಗಿ ಅವ್ವ, ತಂಗಿ ರೈಲಿನಲ್ಲಿ. ಅಪ್ಪ, ನಾನು ಕಾರಿನಲ್ಲಿ ಸುಮಾರು 40 ಕಿ.ಮೀ. ಮೇಲಿನಿಂದ. ಓಬರ್ವಾಲ್ಡ್ ಸ್ಟೇಷನ್ನಿನಲ್ಲಿ ಸೇರೋದು. ಅಲ್ಲಿಂದ ಗ್ರಿಮ್ಸೆಲ್ ದಾಟೋವಾಗ ಎಲ್ಲಿ ಕೂರೋದು ಅಂತ ಅವ್ವ ಅಲ್ಲೇ ನಿರ್ಧಾರ ಮಾಡ್ತಾಳಂತೆ. ಮುಂದಿನ ಸೀಟು ಖಾಲಿ ಇಡ್ತೀನಿ ಅಂತ ಅಪ್ಪ ಹೇಳಿದ್ದಾನೆ. ಸುಸ್ಟೆನ್ ಸದ್ಯಕ್ಕೆ ಲಿಸ್ಟಿನಲ್ಲಿಲ್ಲ.

ಅವ್ವನ ತಯಾರಿ ಅಡುಗೆಮನೆಯಲ್ಲಿ ನಡೀತಿದೆ. ಅಲ್ಲಿ ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ ಅಂದಿದ್ದಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಲೆಕ್ಕ ಇಮ್ಮಡಿ ಆಗಿದೆ. ಹಾಲು, ತುಪ್ಪ, ಬೆಣ್ಣೆ ನಮ್ಮ ದೇಶದಿಂದ ಒಳಗೆ ಒಯ್ಯುವಂತಿಲ್ಲ ಅಂದೆ. ತುಪ್ಪ ಇಲ್ಲದೆ ಎಂಟು ದಿನ ಹೆಂಗ ಇರ್ತಾರ ಆ ಜನ ಅಂದಳು. ಇರ್ತಾರಲ್ಲ, ಅಲ್ಲೇ ಸಿಗೋ ಬೆಣ್ಣೆ ತಿಂದುಕೊಂಡು.

ವೀಸಾ ಅಪಾಯಿಂಟ್‌ಮೆಂಟ್ ಬರೋ ಬುಧವಾರ ಬೆಂಗಳೂರಿನಲ್ಲಿದೆ. ನಿನ್ನೆ ರಾತ್ರಿ ಫೈಲ್ ಜೋಡಿಸ್ತಾ ಕೂತಿದ್ದಾಗ ಅವ್ವ ಬಂದು, ಆ ರೈಲಿನಿಂದ ಇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಅಂತ ಕೇಳಿದಳು. ಒಂದು ಗಂಟೆ, ಫೋಟೋ ತೆಗೆಯೋಕೆ ನಿಂತರೆ ಒಂದೂವರೆ ಅಂದೆ. "ಇಳದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು ಅನ್ನು ನಿಮ್ಮಪ್ಪಗ" ಅಂದಳು. ಡೇಟಾ ಮಾತ್ರ ಇರೋ ಇ-ಸಿಮ್‌ನಲ್ಲಿ ಮಿಸ್ಡ್ ಕಾಲ್ ಬರೋದಿಲ್ಲ. ಅವ್ವನ ನಂಬರಿಗೆ ಕಾಲ್ ಇರೋ ರೋಮಿಂಗ್ ಪ್ಯಾಕ್ ಹಾಕಿಸಬೇಕು ಅಂತ ಶೀಟ್‌ನಲ್ಲಿ ಇನ್ನೊಂದು ಸಾಲು ಸೇರಿಸಿದೆ.